ಆ ಸದ್ದು ಕೇಳಿಸಿತ್ತು, ಮೇಷ್ಟ್ರೇ

ಟೈಟಾನಿಕ್ ಹಡಗಿನ ಅವಶೇಷ ತೋರಿಸಲು ಜನರನ್ನು ಸಮುದ್ರದಾಳಕ್ಕೆ ಕರೆದೊಯ್ಯುತ್ತಿದ್ದ ಟೈಟನ್ ಎಂಬ ಪುಟ್ಟ ಜಲನೌಕೆ 2023ರಲ್ಲಿ ನೀರಿನ ಒತ್ತಡಕ್ಕೆ ನುಚ್ಚುನೂರಾಯಿತು. ಅದರ ಗೋಡೆ ಕಾರ್ಬನ್ ಫೈಬರಿನದು. ದಾವಣಗೆರೆಯಿಂದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಟೈಟನ್ ದುರಂತದ ಬಗ್ಗೆ ಹೋದ ಸಂಚಿಕೆಯ ಲೇಖನ ಓದಿದೆ. ಕಾರ್ಬನ್ ಫೈಬರನ್ನು ವಿಲನ್ ಮಾಡಿದ್ದೀರಿ. ವಿಮಾನಗಳು ಅದರಲ್ಲೇ ಹಾರುತ್ತಿಲ್ಲವೇ? ಎಲ್ಲದಕ್ಕೂ ಸರ್ಟಿಫಿಕೇಟ್ ಕೇಳುತ್ತ ಕೂತಿದ್ದರೆ ರೈಟ್ ಸಹೋದರರು ನೆಲ ಬಿಟ್ಟು ಏಳುತ್ತಿದ್ದರೇ? ನನ್ನ ಮೊಮ್ಮಗಳು ಈ ವರ್ಷ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದ್ದಾಳೆ. ಹೊಸದು ಮಾಡುವವರನ್ನು ಹೀಗೆ ಹೆದರಿಸಬೇಡಿ."

ಮೇಷ್ಟ್ರೇ, ಕಾರ್ಬನ್ ಫೈಬರ್ ಬಗ್ಗೆ ನೀವು ಹೇಳಿದ್ದು ಸರಿ. ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಜೋಡಿಸಿದ ಇಂಗಾಲದ ಎಳೆ ಅದು, ಕೆಟ್ಟ ವಸ್ತು ಅಲ್ಲ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ತೇಜಸ್ ವಿಮಾನಕ್ಕೆ ಅದರಲ್ಲೇ ಭಾಗಗಳನ್ನು ಮಾಡಿದ್ದಾರೆ. ಆ ಬಗ್ಗೆ ನನಗೂ ಹೆಮ್ಮೆ ಇದೆ.

ಆದರೆ ಬಾವಿಯಿಂದ ನೀರು ಸೇದುವುದನ್ನು ನೆನೆಯಿರಿ. ಹಗ್ಗ ಕೊಡಪಾನವನ್ನು ಎಳೆಯುತ್ತದೆ. ಅದೇ ಹಗ್ಗದಿಂದ ಕೊಡಪಾನವನ್ನು ಕೆಳಗೆ ತಳ್ಳೋಕಾಗುತ್ತಾ? ಕಾರ್ಬನ್ ಎಳೆಯೂ ಹಾಗೇ. ಎಳೆತಕ್ಕೆ ಉಕ್ಕನ್ನೂ ಮೀರಿಸುತ್ತದೆ. ಒತ್ತಿದರೆ ಅಷ್ಟು ತಡೆಯುವುದಿಲ್ಲ, ಅದನ್ನು ಹಿಡಿದಿಟ್ಟ ಅಂಟನ್ನೇ ಬಹಳಷ್ಟು ನೆಚ್ಚಿಕೊಳ್ಳಬೇಕು. ವಿಮಾನದೊಳಗಿನ ಗಾಳಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಅದೂ ನೆಲದ ಮೇಲಿನ ಗಾಳಿಯ ಒತ್ತಡದಷ್ಟೂ ಇಲ್ಲ. ಟೈಟಾನಿಕ್ ಬಿದ್ದಿರುವ ಜಾಗದ ಆಳ ಸುಮಾರು 3,800 ಮೀಟರ್. ಅಲ್ಲಿ ನೀರು ಒಳಕ್ಕೆ ಒತ್ತುತ್ತದೆ, ನೆಲದ ಮೇಲಿನ ಗಾಳಿಯ ಒತ್ತಡದ ಸುಮಾರು 380 ಪಟ್ಟು. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಐವತ್ತು ಕಿಲೋದ ಎಂಟು ಅಕ್ಕಿ ಮೂಟೆ ಇಟ್ಟ ಹಾಗೆ. ಅದಕ್ಕೇ ಇಷ್ಟು ಆಳಕ್ಕೆ ಇಳಿಯುವವರು ಸಾಮಾನ್ಯವಾಗಿ ಟೈಟಾನಿಯಂನ ಟೊಳ್ಳು ಗುಂಡು ಮಾಡಿಕೊಂಡು ಅದರೊಳಗೆ ಕೂರುತ್ತಾರೆ. ಗುಂಡಿನ ಮೇಲೆ ಒತ್ತಡ ಎಲ್ಲ ಕಡೆ ಸಮನಾಗಿ ಹಂಚುತ್ತದೆ. ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯವರು 6,000 ಮೀಟರ್ ಆಳಕ್ಕೆಂದು ತಯಾರಿಸುತ್ತಿರುವ ನಮ್ಮ ಜಲನೌಕೆ ಮತ್ಸ್ಯ 6000 ಕೂಡ ಹಾಗೇ, ಮೂವರು ಕೂರುವ 2.1 ಮೀಟರ್ ವ್ಯಾಸದ ಗುಂಡು. ಟೈಟನ್‌ನಲ್ಲಿ ಐದು ಜನ ಕೂರಬೇಕಿತ್ತು. ಹಾಗಾಗಿ ಐದು ಇಂಚು ದಪ್ಪದ ಕಾರ್ಬನ್ ಫೈಬರ್ ಕೊಳವೆ ಮಾಡಿ, ಎರಡೂ ತುದಿಗೆ ಟೈಟಾನಿಯಂ ಉಂಗುರ ಅಂಟಿಸಿದರು. ಆಮೇಲೆ ಅದರ ತುಂಡುಗಳನ್ನು ಪರೀಕ್ಷೆ ಮಾಡಿದಾಗ ಪದರಗಳಲ್ಲಿ ಸುಕ್ಕು, ಸಣ್ಣ ಸಣ್ಣ ಟೊಳ್ಳು ಕಂಡವು.

ವಸ್ತುವಿನ ಮಾತು ಇಷ್ಟು ಸಾಕು. ನನ್ನ ತಕರಾರು ಅದರ ಮೇಲಲ್ಲ.

ನನ್ನಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ, ಸುತ್ತ ನಾಲ್ಕೈದು ಕಡೆ. ಠಣ್ ಅಂದರೆ ದುಡ್ಡು. ಬದ್ ಅಂದರೆ ವಾಪಸ್. ಕುಂಬಾರಗಿತ್ತಿ ಒಂದು ದಿನವೂ ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ. ತಟ್ಟಿಸಿಕೊಳ್ಳೋಕೇ ಮಡಕೆ ಮಾಡಿದ್ದು ಅನ್ನೋ ಹಾಗೆ ಇನ್ನೊಂದನ್ನು ಮುಂದೆ ತಳ್ಳುತ್ತಿದ್ದಳು.

ಟೈಟನ್ ಅನ್ನೂ ತಟ್ಟಿ ನೋಡಿ ಎಂದವರಿದ್ದರು. ಅದನ್ನು ಕಟ್ಟಿದ ಓಷನ್‌ಗೇಟ್ ಕಂಪನಿಯಲ್ಲೇ ಸಮುದ್ರದ ಕೆಲಸದ ಮುಖ್ಯಸ್ಥರಾಗಿದ್ದ ಡೇವಿಡ್ ಲಾಕ್ರಿಜ್ 2018ರ ಜನವರಿಯಲ್ಲಿ ವರದಿ ಬರೆದುಕೊಟ್ಟರು. ಕೊಳವೆಯನ್ನು ಸ್ಕ್ಯಾನ್ ಮಾಡಿಸಿ, ಒಳಗೆ ಪದರ ಬಿಟ್ಟಿದೆಯೇ ನೋಡಿ ಎಂದರು. ಮೈಕ್ ಇಟ್ಟಿದ್ದೇವೆ, ಒಡೆಯುವ ಮುಂಚೆ ಸದ್ದು ಹಿಡಿಯುತ್ತೇವೆ ಎಂಬುದು ಕಂಪನಿಯ ಉತ್ತರ. ಹಾಗೆ ಗೊತ್ತಾಗುವುದು ಒಡೆಯುವುದಕ್ಕೆ ಕ್ಷಣ ಮುಂಚೆ ಮಾತ್ರ ಎಂಬುದು ಲಾಕ್ರಿಜ್ ವಾದ. ಅವರ ಕೆಲಸ ಹೋಯಿತು, ಮೇಲೆ ಕೇಸೂ ಬಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಈ ಕ್ಷೇತ್ರದ ಮೂವತ್ತಕ್ಕೂ ಜಾಸ್ತಿ ಪರಿಣತರ ಪರವಾಗಿ ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್‌ಗೆ ಪತ್ರ ಬರೆಯಲಾಯಿತು, ಹೊರಗಿನವರಿಂದ ತಪಾಸಣೆ ಮಾಡಿಸಿ ಅಂತ. ಮಾಡಿಸಲಿಲ್ಲ. 2019ರ ಏಪ್ರಿಲ್‌ನಲ್ಲಿ ಬಹಾಮಾಸ್‌ನಲ್ಲಿ ರಶ್ ಜೊತೆ ಇಳಿದ ಕಾರ್ಲ್ ಸ್ಟಾನ್ಲಿ, ದಾರಿಯುದ್ದಕ್ಕೂ ಗೋಡೆ ಚಟಚಟ ಎನ್ನುತ್ತಿತ್ತು ಎಂದು ಎಚ್ಚರಿಸಿದರು. ಆ ಕೊಳವೆಯಲ್ಲಿ ಬಿರುಕು ಸಿಕ್ಕಿತು. ಅದನ್ನು ತೆಗೆದು ಎರಡನೆಯದು ಮಾಡಿದರು.

ಆ ಎರಡನೆಯದೂ ಸುಮ್ಮನಿರಲಿಲ್ಲ, ಮೇಷ್ಟ್ರೇ. 2022ರ ಜುಲೈ, 80ನೇ ಇಳಿತ. ಮೇಲೆ ಬರುವಾಗ ಒಳಗಿದ್ದವರಿಗೆ ಢಮ್ ಎಂದು ದೊಡ್ಡ ಸದ್ದು ಕೇಳಿಸಿತು. ಕೊಳವೆ ತನ್ನ ಚೌಕಟ್ಟಿನಲ್ಲಿ ಜರುಗಿ ಕೂತ ಸದ್ದು ಎಂದು ಸಮಾಧಾನ ಹೇಳಲಾಯಿತು. ಆದರೆ ಗೋಡೆ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಅಂಟಿಸಿದ್ದ ಮಾಪಕಗಳ ಗೆರೆಗಳು ಆ ದಿನದಿಂದ ಬದಲಾಗಿದ್ದವು. ಪದರ ಬಿಟ್ಟಿತ್ತು, ಮಳೆಯಲ್ಲಿ ನೀರು ಕುಡಿದ ಪ್ಲೈವುಡ್ ಬಿಡುವ ಹಾಗೆ. ಆ ಲೆಕ್ಕ ಅವರದೇ ಕಂಪ್ಯೂಟರಿನಲ್ಲಿತ್ತು. ಸರಿಯಾಗಿ ಕೂತು ಓದಿದವರಿಲ್ಲ. ನಂತರ ಇಡೀ ಚಳಿಗಾಲ ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಅದನ್ನು ಬಯಲಲ್ಲೇ ನಿಲ್ಲಿಸಿದರು, ಹಿಮ ಬೀಳುವ ಊರಲ್ಲಿ. 2023ರ ಜೂನ್ 18ರಂದು ಅದು 88ನೇ ಸಲ ಇಳಿಯಿತು. ಆ ಪೆಟ್ಟು ತಿಂದ ಗೋಡೆಯೇ ಒಂದು ಕಡೆ ಬಾಗಿ ಕೊಟ್ಟಿತು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2025ರಲ್ಲಿ ಹೇಳಿದೆ. ತಡೆಯಬಹುದಾಗಿದ್ದ ದುರಂತ ಎಂದು ಅಲ್ಲಿನ ಕರಾವಳಿ ಪಡೆಯೂ ಬರೆದಿದೆ. ಐವರು ಹೋದರು. ಅದರಲ್ಲಿ ಒಬ್ಬ ಹುಡುಗನಿಗೆ 19 ವರ್ಷ, ಅಪ್ಪನ ಜೊತೆ ಬಂದಿದ್ದ.

ರೈಟ್ ಸಹೋದರರ ಹೆಸರನ್ನು ದಯವಿಟ್ಟು ಇವರ ಪಕ್ಕ ಇಡಬೇಡಿ. ಹಾರಿದ್ದು 1903ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆಯೇ ಅವರು ಗಾಳಿಸುರಂಗ ಕಟ್ಟಿ ಇನ್ನೂರರಷ್ಟು ರೆಕ್ಕೆ ಆಕಾರಗಳನ್ನು ಪರೀಕ್ಷೆ ಮಾಡಿದ್ದರು. ಹಾರಿದ್ದು ಅವರಿಬ್ಬರೇ. ಟಿಕೆಟ್ ಮಾರಿರಲಿಲ್ಲ. ಇಲ್ಲಿ ಒಬ್ಬೊಬ್ಬರಿಂದ ಎರಡೂವರೆ ಲಕ್ಷ ಡಾಲರ್ ತೆಗೆದುಕೊಂಡು, ಅವರನ್ನು ಪ್ರಯಾಣಿಕರು ಎನ್ನದೆ 'ಮಿಷನ್ ಸ್ಪೆಷಲಿಸ್ಟ್' ಎಂದು ಕರೆದರು. ಪರೀಕ್ಷೆ ಇಲ್ಲದ ಹೊಸತನ ಬರೀ ಆತುರ, ಅಲ್ವಾ? ನಲವತ್ತು ವರ್ಷ ಲ್ಯಾಬಿನಲ್ಲಿ ಮಕ್ಕಳಿಗೆ 'ಮತ್ತೊಮ್ಮೆ ಅಳೆಯಿರಿ' ಎಂದು ಹೇಳಿದವರು ನೀವು.

ಇದು ಅಮೆರಿಕದ ಕಥೆ ಮಾತ್ರ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಪತ್ರಿಕೆಗೆ ಬರುವ ಮೊದಲು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿ ಮಷೀನ್ ನಡೆಸುತ್ತಿದ್ದ ಹಿರಿಯರೊಬ್ಬರಿದ್ದರು. ಊಟಕ್ಕೆ ಕೂತಾಗಲೂ ಅವರ ಕಿವಿ ಮಷೀನಿನ ಕಡೆಗೇ. ಒಂದು ಸಂಜೆ "ಸಾರ್, ಬೇರಿಂಗ್ ಮಾತಾಡ್ತಿದೆ, ನಿಲ್ಲಿಸೋಣ" ಎಂದರು. ಚುನಾವಣೆ ಕರಪತ್ರದ ಕಾಲ. ಮುಗೀಲಿ, ಆಮೇಲೆ ನೋಡೋಣ ಎಂದರು ಮಾಲೀಕರು. ಇವರು ಓಡಿಸಲ್ಲ ಎಂದರು. ಮನೆಗೆ ಕಳಿಸಿದರು. ಮೂರನೇ ರಾತ್ರಿ ಆ ಮಷೀನಿಗೆ ಸಹಾಯಕ್ಕಿದ್ದ ಹುಡುಗನ ಎರಡು ಬೆರಳು ಹೋದವು. ಆ ಹಿರಿಯರನ್ನು ಯಾರೂ ವಾಪಸ್ ಕರೆಯಲಿಲ್ಲ. ಶಾಲೆಯ ಚಾವಣಿ ಸೋರುತ್ತಿದೆ ಎಂದು ಬರೆದ ಟೀಚರಮ್ಮ, ಸೇತುವೆ ಬಿರುಕಿನ ಫೋಟೊ ಕಳಿಸಿದ ಕಿರಿಯ ಇಂಜಿನಿಯರ್, ಇಂಥವರ ಪತ್ರಗಳು ನನ್ನ ಮೇಜಿಗೆ ಬರುತ್ತಲೇ ಇವೆ. "ಹೆಸರು ಹಾಕಬೇಡಿ ಸಾರ್, ವರ್ಗ ಮಾಡಿಬಿಡ್ತಾರೆ" ಎಂದು ಕೆಳಗೆ ಬರೆದಿರುತ್ತಾರೆ. ಒಂದರಲ್ಲಿ ಆ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದರು.

ನಿಮ್ಮ ಮೊಮ್ಮಗಳನ್ನು ನಾನು ಹೆದರಿಸುತ್ತಿಲ್ಲ, ಮೇಷ್ಟ್ರೇ. ಟೈಟನ್ ತನಿಖೆಯ ವರದಿಗಳು ಎಲ್ಲರಿಗೂ ಓದಲು ಸಿಗುತ್ತವೆ. 80ನೇ ಇಳಿತದ ಭಾಗವನ್ನು ಅವಳಿಗೆ ತೆಗೆದುಕೊಡಿ. ಆ ಸದ್ದಿನ ಮುಂಚಿನ ಗೆರೆ, ಆಮೇಲಿನ ಗೆರೆ ಎರಡನ್ನೂ ನೋಡಲಿ. ತಾನು ಆ ತಂಡದಲ್ಲಿದ್ದಿದ್ದರೆ ಮಾರನೆಯ ಬೆಳಗ್ಗೆ ಯಾರಿಗೆ ಏನು ಹೇಳುತ್ತಿದ್ದೆ ಎಂದು ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವಳಿಗಾಗಿ ಇಟ್ಟಿರುತ್ತೇನೆ, ಅವಳ ಹೆಸರಿನ ಸಮೇತ.

— ಸಂಪಾದಕ