ಮಾರ್ಚಿನಲ್ಲಿ ಮೊನಾರ್ಕ್ ಬೇಕಿದ್ರೆ ಗಿಡ ಹುಡುಕಿ

ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದು ಎರಡು ತಿಂಗಳಾಯ್ತು, ಊರಾಚೆ ಮೊನಾರ್ಕ್ ಚಿಟ್ಟೆಗಳ ಹಿಂಡು ಎಲ್ಲಿ ಕಾಣುತ್ತೆ ಅಂತ ಕೇಳಿದ್ದೀರಿ. ಹಿಂಡಿನ ಆಸೆ ಈಗ ಬಿಡಿ. ಸಂಜೆ ಕೊಂಬೆ ತುಂಬ ಜೋತುಬೀಳೋ ದೃಶ್ಯ ಅಕ್ಟೋಬರಿನದು. ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆದವು ಮಾರ್ಚ್ ಮಧ್ಯದಿಂದ ಏಪ್ರಿಲ್ ತನಕ ಟೆಕ್ಸಾಸ್‌ಗೆ ಒಂಟೊಂಟಿಯಾಗಿ ಬರ್ತವೆ. ಬಣ್ಣ ಮಾಸಿ, ರೆಕ್ಕೆಯಂಚು ಹರಿದ ಮುದಿ ಚಿಟ್ಟೆಗಳು. ಮೊಟ್ಟೆಯಿಟ್ಟು ಸಾಯ್ತವೆ, ಉತ್ತರದ ದಾರಿ ಹಿಡಿಯೋದು ಬಹುಪಾಲು ಇವುಗಳ ಮಕ್ಕಳು.

ಅದಕ್ಕೇ ಆಕಾಶ ನೋಡ್ತಾ ಕೂರಬೇಡಿ, ಅವು ಮೊಟ್ಟೆಯಿಡೋ ಮಿಲ್ಕ್‌ವೀಡ್ ಗಿಡ ಹುಡುಕಿ. ನಮ್ಮ ಎಕ್ಕದ ನೆಂಟ. ಹಾಲು ಕಣ್ಣಿಗೆ ತಾಗಿಸಬೇಡಿ. ಆಸ್ಟಿನ್ ಪಶ್ಚಿಮದ ಗುಡ್ಡಗಾಡು ಹಿಲ್ ಕಂಟ್ರಿಯ ಸುಣ್ಣಕಲ್ಲಿನ ನೆಲದಲ್ಲಿ ಹೆಚ್ಚು ಸಿಗೋದು ಆಂಟಿಲೋಪ್ ಹಾರ್ನ್ಸ್ ಅನ್ನೋ ಜಾತಿ: ನೆಲಕ್ಕಂಟಿ ಹರಡುವ ಗಿಡ, ನಡುನರದಲ್ಲಿ ಮಡಿಚಿದಂಥ ಕಿರಿದಾದ ಎಲೆ, ತಿಳಿಹಸಿರು ಚೆಂಡಿನಂಥ ಹೂಗೊಂಚಲು. ಎಳೆಯ ಎಲೆಗಳ ಅಡಿಭಾಗ ತಿರುಗಿಸಿ ನೋಡಿ. ಗುಂಡುಸೂಜಿ ತಲೆಯಷ್ಟಿರೋ ಕೆನೆಬಣ್ಣದ ಮೊಟ್ಟೆ, ಮೇಲೆ ಉದ್ದುದ್ದ ಗೀರು. ಸಾಮಾನ್ಯವಾಗಿ ಒಂದೆಡೆ ಒಂದೇ ಇರುತ್ತೆ, ನಾಲ್ಕೈದು ದಿನಕ್ಕೆ ಒಡೆಯುತ್ತೆ. ಅಷ್ಟರೊಳಗೆ ಕೆಂಪಿರುವೆ ತಿಂದುಬಿಡೋದೂ ಮಾಮೂಲು.

ಹುಳ ಸಿಕ್ಕರೆ ಮೈಮೇಲಿನ ಕಪ್ಪು ಮೀಸೆ ಎಣಿಸಿ. ಎರಡು ಜೊತೆಯಾದರೆ ಮೊನಾರ್ಕ್, ಮೂರಾದರೆ ಕ್ವೀನ್ ಅನ್ನೋ ಬೇರೆ ಜಾತಿ. ನಮ್ಮೂರ ಕಡೆ ಎಕ್ಕದ ಮೇಲೆ ಕಾಣೋ ಪ್ಲೇನ್ ಟೈಗರ್ ಚಿಟ್ಟೆಯ ಹುಳಕ್ಕೂ ಮೂರೇ, ಆ ರೂಢಿಯಲ್ಲೇ ಎಷ್ಟೋ ಜನ ಇಲ್ಲಿ ಎಡವ್ತಾರೆ.

ಬೆಳಗ್ಗೆ ಬೇಗ ಹೋದರೆ ದಂಡ. ಸುಮಾರು 13 ಡಿಗ್ರಿ ಸೆಲ್ಸಿಯಸ್ ದಾಟದೆ ಚಿಟ್ಟೆಗಳು ಹಾರಲ್ಲ. ಹತ್ತರ ಮೇಲೆ ಹೊರಡಿ. ಬಡಗಣ ಗಾಳಿ ಬೀಸೋ ದಿನ ಮನೇಲಿರಿ, ತೆಂಕಣ ಗಾಳಿ ತಿರುಗಿದ ಮೇಲೆ ಹೋಗಿ. ಎರಡು ಮೀಟರ್ ಹತ್ತಿರಕ್ಕೂ ಫೋಕಸ್ ಆಗೋ 8x42 ಬೈನಾಕ್ಯುಲರ್ ಸಾಕು.

ಗಿಡ ನೆಡೋದಾದ್ರೆ ಸ್ಥಳೀಯ ಜಾತಿಯನ್ನೇ ಕೇಳಿ. ನರ್ಸರಿಯಲ್ಲಿ ಕೆಂಪು-ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಕೊಡ್ತಾರೆ. ಅದು ಚಳಿಗಾಲದಲ್ಲೂ ಸಾಯದ್ದರಿಂದ ಎಲೆ ಮೇಲೆ ಓಇ ಅನ್ನೋ ಪರಾವಲಂಬಿಯ ಬೀಜಕಣ ಸೇರ್ತಾ ಹೋಗುತ್ತೆ. ತಿಂದ ಹುಳ ಚಿಟ್ಟೆಯಾಗುವಾಗ ರೆಕ್ಕೆ ಮುದುಡಬಹುದು. ಈಗಾಗಲೇ ನೆಟ್ಟಿದ್ರೆ ಅಕ್ಟೋಬರ್‌ನಿಂದ ಫೆಬ್ರವರಿ ತನಕ ಬುಡದಿಂದ ಆರಿಂಚಿಗೆ ಕತ್ತರಿಸ್ತಾ ಇರಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ: ಇಲ್ಲಿನ ನೆಲ ಬಹುಪಾಲು ಖಾಸಗಿ. ಮರಕ್ಕೋ ಬೇಲಿಗೂಟಕ್ಕೋ ನೇರಳೆ ಬಣ್ಣದ ಪಟ್ಟೆ ಬಳಿದಿದ್ರೆ ಬೋರ್ಡೇ ಬೇಡ, ಕಾನೂನಿನ ಪ್ರಕಾರ ಅದು ಪ್ರವೇಶ ನಿಷೇಧ. ಪೆಡರ್ನೇಲ್ಸ್ ಫಾಲ್ಸ್‌ನಂಥ ಸ್ಟೇಟ್ ಪಾರ್ಕಿಗೆ ಹೋಗಿ. ವಾರಾಂತ್ಯಕ್ಕೆ ಮೊದಲೇ ಬುಕ್ ಮಾಡಿ.