ತಿಳಿನೀರಿನ ತಟ್ಟೆ ಎಲ್ಲಿ ಹೋಯಿತು?

ತಂಗಿ,

ನೀವು ಕಳಿಸಿದ ‘ಬಣ್ಣದ ನೀರಲ್ಲಿ ಮೀನಿನ ಮರಿ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಸಿಟ್ಟು ಬಂತು. ನೂಲಿಗೆ ಹಾಕುವ ಬಣ್ಣದ ನೀರಿನಲ್ಲಿ ಜೀಬ್ರಾ ಮೀನಿನ ಮೊಟ್ಟೆಗಳನ್ನಿಟ್ಟು, ನಾಲ್ಕು ದಿನ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದಿದ್ದೀರಿ. ಇಂಥ ಬರಹ ನಮ್ಮ ಪತ್ರಿಕೆಗೆ ಬಂದದ್ದು ಇದೇ ಮೊದಲು. 1856ರಲ್ಲಿ 18 ವರ್ಷದ ರಸಾಯನಶಾಸ್ತ್ರದ ವಿದ್ಯಾರ್ಥಿ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಪಡೆದ ಕಥೆಯನ್ನು ಚೆನ್ನಾಗಿ ಹೇಳಿದ್ದೀರಿ. ಅಕ್ಷರ ತಪ್ಪುಗಳೂ ಕಡಿಮೆ. ಇನ್ನು ನನ್ನನ್ನು ಕಾಡಿದ್ದಕ್ಕೆ ಬರುತ್ತೇನೆ.

ಮೂರನೇ ಪುಟದ ಸಾಲು: ‘ದ್ರಾವಣದಲ್ಲಿರಿಸಲಾದ ಭ್ರೂಣಗಳಲ್ಲಿ ಮರಣ ಪ್ರಮಾಣವು ಗಣನೀಯವಾಗಿ ಹೆಚ್ಚಿರುವುದು ಕಂಡುಬಂದಿತು.’

ಯಾರಿಗೆ ಕಂಡುಬಂತು? ನಿಮಗೇ ಅಲ್ವಾ? ಹಾಗಾದರೆ ‘ನಾನು ಕಂಡೆ’ ಅನ್ನಿ. ‘ಗಣನೀಯ’ ಅಂದರೆ ಎಣಿಸಬೇಕಾದದ್ದು. ಎಣಿಸಿದ್ದೀರಿ, ಆದರೆ ಲೆಕ್ಕ ಕೊಟ್ಟಿಲ್ಲ. ಹಲವು ದೇಶಗಳ ಕೂಟವಾದ ಒಇಸಿಡಿ 2013ರಲ್ಲಿ ತಂದ 236ನೇ ಮಾರ್ಗಸೂಚಿಯಂತೆ ಪರೀಕ್ಷೆ ಮಾಡಿದ್ದಾಗಿ ನೀವೇ ಬರೆದಿದ್ದೀರಿ. ಅದರ ಪ್ರಕಾರ ಬಣ್ಣದ ಪ್ರತಿ ಪ್ರಮಾಣಕ್ಕೂ 20 ಮೊಟ್ಟೆ. ತಟ್ಟೆಯ ಒಂದೊಂದು ಗುಳಿಗೆ ಒಂದೊಂದು. 96 ಗಂಟೆಗಳ ಕಾಲ, ದಿನಕ್ಕೊಮ್ಮೆ ನೋಡಬೇಕು. ಸತ್ತಿದೆ ಎನ್ನಲು ನಾಲ್ಕು ಗುರುತುಗಳಿವೆ. ಮೊಟ್ಟೆ ಬೆಳ್ಳಗೆ ಹೆಪ್ಪುಗಟ್ಟಿರಬೇಕು. ಇಲ್ಲವೇ ಬೆನ್ನಿನುದ್ದಕ್ಕೂ ಸಾಲಾಗಿ ಮೂಡುವ ಗಂಟುಗಳು ಮೂಡಿರಬಾರದು. ಇಲ್ಲವೇ ಬಾಲ, ಮರಿಯ ಆಹಾರ ತುಂಬಿರುವ ಹಳದಿ ಚೀಲದಿಂದ ಬಿಡಿಸಿಕೊಂಡಿರಬಾರದು. ಇಲ್ಲವೇ ಎದೆಬಡಿತ ಇರಬಾರದು. ಸಾಸಿವೆ ಕಾಳಿನಷ್ಟು ಸಣ್ಣ ಮೊಟ್ಟೆ, ಗಾಜಿನ ಹಾಗೆ ಪಾರದರ್ಶಕ. ಒಳಗೆ ನಡೆಯುವುದೆಲ್ಲ ನಿಮಗೆ ಕಾಣುತ್ತಿತ್ತು. ಅಷ್ಟನ್ನೂ ‘ಮರಣ ಪ್ರಮಾಣ’ ಎಂಬ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೀರಿ.

ಅದರ ಮುಂದಿನ ಸಾಲು: ‘72 ಗಂಟೆಗಳ ತರುವಾಯ ಪರಿಣಾಮವು ತೀವ್ರಗೊಂಡಿತು.’

ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಾಲು. ನೀವು ನಿಲ್ಲದೆ ದಾಟಿ ಹೋಗಿದ್ದೀರಿ. ಈ ಮೀನಿನ ಮರಿ ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ, ಮೂರನೇ ದಿನ ಮೊಟ್ಟೆಯೊಡೆದು ಹೊರಬರುತ್ತದೆ. ಅಲ್ಲಿಯವರೆಗೆ ಅದರ ಸುತ್ತ ಒಂದು ಪೊರೆ ಇರುತ್ತದೆ. ದೊಡ್ಡ ಅಣುಗಳನ್ನು ಆ ಪೊರೆ ತಡೆಯಬಲ್ಲದು. ಹೊರಬಂದ ಮರಿಗೆ ಆ ಕಾವಲು ಇಲ್ಲ. ಬಣ್ಣದ ನೀರು ನೇರ ಮೈಗೇ ತಾಗುತ್ತದೆ. ನಿಮ್ಮ ಮರಿಗಳಿಗೆ ಹೀಗೇ ಆಯಿತಾ? ಅಥವಾ ಹೊರಬರಲಾಗದೆ ಒಳಗೇ ಸತ್ತವಾ? ಬಣ್ಣ ಕಡುವಾಗಿದ್ದ ಗುಳಿಗಳಲ್ಲಿ ಎದೆಬಡಿತ ಹೇಗೆ ನೋಡಿದಿರಿ? ತೆಗೆದು ತಿಳಿನೀರಿಗೆ ಹಾಕಿ ನೋಡಿದಿರಾ? ಓದುಗರಿಗೆ ಬೇಕಾದದ್ದು ಇದು. ಅಂಕಿಗಳು ನಿಮ್ಮ ಹತ್ತಿರ ಇವೆ, ಹಾಗಾಗಿ ಜಾಗ ಬಿಟ್ಟು ಬರೆಯುತ್ತೇನೆ: ‘ಮೂರನೇ ದಿನ ಬೆಳಿಗ್ಗೆ ತಟ್ಟೆ ತೆಗೆದೆ. 20ರಲ್ಲಿ ಇಷ್ಟು ಮರಿಗಳು ಹೊರಬಂದಿದ್ದವು. ಅವುಗಳಲ್ಲಿ ಇಷ್ಟಕ್ಕೆ ಎದೆ ಬಡಿಯುತ್ತಿರಲಿಲ್ಲ.’ ಇಷ್ಟೇ ಸಾಕು.

ಇನ್ನು ತಿಳಿನೀರಿನ ತಟ್ಟೆ. ಬಣ್ಣ ಹಾಕದ ನೀರಿನಲ್ಲೂ ಮೊಟ್ಟೆ ಇಟ್ಟಿರುತ್ತೀರಿ, ಇಡಲೇಬೇಕು. ಅದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಬಣ್ಣದ ನೀರಿನಲ್ಲಿ 20ಕ್ಕೆ 5 ಸತ್ತವು ಅಂದುಕೊಳ್ಳಿ. ತಿಳಿನೀರಿನಲ್ಲೂ 5 ಸತ್ತಿದ್ದರೆ? ಆಗ ಬಣ್ಣದ ಮೇಲೆ ತಪ್ಪು ಹೊರಿಸಲು ಏನೂ ಉಳಿಯುವುದಿಲ್ಲ. ತಿಳಿನೀರಿನಲ್ಲಿ ನೂರಕ್ಕೆ 90ರಷ್ಟಾದರೂ ಬದುಕದಿದ್ದರೆ ಆ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯಬಾರದು ಅನ್ನುತ್ತದೆ ಮಾರ್ಗಸೂಚಿ.

ಈ ಪಾಠ ನಾನು ಲ್ಯಾಬಿನಲ್ಲಿ ಕಲಿತದ್ದಲ್ಲ. ಬೆಳಗಾವಿಯ ಒಂದು ಪತ್ರಿಕೆಗೆ ಹೊಸದಾಗಿ ಸೇರಿದ್ದೆ. ಬೇಸಿಗೆ. ಒಂದು ಹಳ್ಳಿಯ ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ ಎಂದು ಸುದ್ದಿ ಬಂತು. ಹೋಗಿ ನೋಡಿದೆ. ಕೆರೆಯ ಮೇಲುಗಡೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ ಇತ್ತು. ಅಲ್ಲಿಗೆ ನನ್ನ ಮಟ್ಟಿಗೆ ಎಲ್ಲ ಮುಗಿದಿತ್ತು. ‘ಬಣ್ಣದ ವಿಷಕ್ಕೆ ಮೀನುಗಳ ಬಲಿ’ ಎಂದು ಬರೆದು ಕೊಟ್ಟೆ. ಡೆಸ್ಕಿನಲ್ಲಿದ್ದ ಹಿರಿಯರು ಓದಿ, ಕಾಗದ ಮಡಚಿ ಕೈಗೆ ಕೊಟ್ಟರು. ‘ಬಣ್ಣದ ನೀರು ಸೇರದ ಕೆರೆ ನೋಡಿ ಬಂದ್ಯಾ?’ ಅಂತ ಕೇಳಿದರು. ಮರುದಿನ ಮೊದಲ ಬಸ್ಸಿಗೆ ಹೊರಟೆ. ಪಕ್ಕದ ಊರಿನ ಕೆರೆಯ ಹತ್ತಿರ ಯಾವ ಶೆಡ್ಡೂ ಇರಲಿಲ್ಲ. ಅಲ್ಲೂ ಮೀನು ತೇಲುತ್ತಿದ್ದವು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಕಾಕಾ ಒಬ್ಬರು, ‘ತಮ್ಮಾ, ನೀರು ಕಡಿಮಿ ಆಗೇತಿ. ನಸುಕಿನ್ಯಾಗ ಉಸಿರು ಸಾಲೂದಿಲ್ಲ, ಮ್ಯಾಲ ಬಂದು ಬಾಯಿ ತಗೀತಾವ’ ಅಂದರು. ಅವರು ಹೇಳಿದ್ದು ಸರಿ. ಪಾಚಿ ತುಂಬಿದ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಆ ಎರಡನೇ ಕೆರೆಯೇ ನನ್ನ ತಿಳಿನೀರಿನ ತಟ್ಟೆ. ನಾನು ಬರೆದದ್ದು ಅಚ್ಚಾಗಿದ್ದರೆ ಆ ಶೆಡ್ಡಿನವರು ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಅದಕ್ಕೇ ನಿಮ್ಮ ಕೊನೆಯ ಸಾಲು ನನಗೆ ತಡೆಯಲಾಗಲಿಲ್ಲ: ‘ಹೀಗೆ ರಬಕವಿ-ಬನಹಟ್ಟಿಯ ಬಣ್ಣಗಾರರು ಕೃಷ್ಣೆಯ ಮೀನು ಸಂತತಿಯನ್ನು ನಾಶ ಮಾಡುತ್ತಿರುವುದು ಸಾಬೀತಾಗಿದೆ.’

‘ಕೃಷ್ಣೆ’ ಅನ್ನುತ್ತೀರಿ. ಹೊಳೆಯ ನೀರು ಒಂದು ಬಾಟಲಿಯಾದರೂ ತಂದಿದ್ದಿರಾ? ಲೇಖನದಲ್ಲಿ ಇಲ್ಲ. ‘ಬಣ್ಣಗಾರರು’ ಅನ್ನುತ್ತೀರಿ. ನೀವು ಕರಗಿಸಿದ್ದು ಅಂಗಡಿಯ ಪ್ಯಾಕೆಟ್ಟಿನ ಪುಡಿ. ಅಂಥ ಪುಡಿಯಲ್ಲಿ ಬಣ್ಣದ ಜೊತೆ ಉಪ್ಪು, ಬೇರೆ ಬೇರೆ ಸೇರಿಕೆಗಳೂ ಇರುತ್ತವೆ. ಶೆಡ್ಡಿನಿಂದ ಹರಿಯುವ ನೀರಿನ ಕಥೆಯೇ ಬೇರೆ. ಅದರಲ್ಲಿ ಕಾಸ್ಟಿಕ್ ಸೋಡಾ ಎಂಬ ಕಟು ಕ್ಷಾರ ಇರುತ್ತದೆ, ಬಣ್ಣ ಹಾಕುವಾಗ ಬೆರೆಸುವ ಹೈಡ್ರೋಸ್ ಎಂಬ ಘಾಟಿನ ಪುಡಿ ಇರುತ್ತದೆ. ಬಣ್ಣದ ಹನಿಯೂ ಇಲ್ಲದೆ, ಕಾಸ್ಟಿಕ್ ಜಾಸ್ತಿಯಾದರೇ ಮೊಟ್ಟೆ ಸಾಯುತ್ತದೆ. ಪರೀಕ್ಷೆಯ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6.5ರಿಂದ 8.5ರ ಒಳಗಿರಬೇಕು. ನಿಮ್ಮ ದ್ರಾವಣದ ಪಿಎಚ್ ಎಷ್ಟಿತ್ತು? ಅಳೆದಿದ್ದರೆ ಬರೆಯಿರಿ. ಅಳೆದಿಲ್ಲವಾದರೆ ಕೊಂದದ್ದು ಬಣ್ಣವೇ ಎಂದು ಹೇಳಲು ಬರುವುದಿಲ್ಲ.

ನಮ್ಮಪ್ಪ ಬನಹಟ್ಟಿಯಲ್ಲಿ ಬಣ್ಣ ಹಾಕುತ್ತಿದ್ದರು. ಹಬೆಯಾಡುವ ಹಂಡೆಯಲ್ಲಿ ನೂಲಿನ ಲಡಿ ಅದ್ದಿ ಅದ್ದಿ ಕೈ ಮೊಣಕೈವರೆಗೆ ನೀಲಿ. ಊಟಕ್ಕೆ ಕೂತಾಗಲೂ ನೀಲಿ. ಹೈಡ್ರೋಸ್ ಘಾಟಿಗೆ ರಾತ್ರಿ ಕೆಮ್ಮುತ್ತಿದ್ದರು. ಗಟಾರದ ನೀರು ಒಂದು ದಿನ ಕೆಂಪು, ಒಂದು ದಿನ ಹಸಿರು. ಆ ಕಡೆ ಆಡಲು ಹೋದರೆ ಅವ್ವ ಬೈಯುತ್ತಿದ್ದಳು. ಆ ನೀರು ಒಳ್ಳೆಯದು ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅಜೋ ಎಂಬ ಬಗೆಯ ಕೆಲವು ಬಣ್ಣಗಳು ಒಡೆದಾಗ ಕ್ಯಾನ್ಸರ್ ತರುವ ಅಮೈನು ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅಂಥ ಹಲವು ಬಣ್ಣಗಳನ್ನು ಭಾರತ 1990ರ ದಶಕದಲ್ಲಿ ನಿಷೇಧಿಸಿತು. ಅವುಗಳಿಗೆ ಮೊದಲು ಮೈಯೊಡ್ಡಿದವರು ಹಂಡೆಯ ಮುಂದೆ ನಿಂತವರು. ಅವರ ಕೈಗೆ ನಿಮ್ಮ ಲೇಖನ ಸಿಗಬೇಕು ಎಂಬುದೇ ನನ್ನ ಆಸೆ. ಆದರೆ ಅವರಲ್ಲಿ ಒಬ್ಬರು ‘ಕಾಸ್ಟಿಕ್ ಲೆಕ್ಕ ಎಲ್ಲಿ ಹೋತು, ತಂಗಿ?’ ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಕೊನೆಯ ಪ್ಯಾರಾ ತೆಗೆಯಿರಿ. ಹೊಳೆಯ ಮಾತು ಬೇಕೇಬೇಕು ಅನ್ನಿಸಿದರೆ ನಿಮ್ಮ ಗೈಡ್ ಜೊತೆ ಮಾತಾಡಿ. ಗಟಾರದಿಂದ ಒಂದು ಬಾಟಲಿ, ಅದು ಹೊಳೆ ಸೇರುವ ಜಾಗದ ಮೇಲುಗಡೆಯಿಂದ ಒಂದು, ಕೆಳಗಡೆಯಿಂದ ಒಂದು ತಂದು ಅದೇ ಪರೀಕ್ಷೆ ಮಾಡಿ. ಅದು ಇನ್ನೊಂದು ಲೇಖನವಾಗುತ್ತದೆ, ಅದಕ್ಕೂ ಜಾಗ ಕೊಡುತ್ತೇನೆ. ಈಗ ಲೇಖನ ತಿದ್ದಲು ಕೂರುವ ಮೊದಲು ಆ ನಾಲ್ಕು ದಿನಗಳ ನೋಟ್‌ಬುಕ್ ಪುಟಗಳ ಫೋಟೋ ಕಳಿಸಿ. ಗೀಚಿದ್ದು, ಹೊಡೆದು ಹಾಕಿದ್ದು ಎಲ್ಲ ಇರಲಿ. ತಿಳಿನೀರಿನ ತಟ್ಟೆಯ ಪುಟ ಮೊದಲು.