‘ಪೇರನ್ಬು’ ನೋಡಿ ಬಂದ ತಂದೆ

ಅಂಗವೈಕಲ್ಯವಿರುವ ಮಗುವನ್ನು ಒಬ್ಬರೇ ನೋಡಿಕೊಳ್ಳುವ ಪೋಷಕರು ಆಪ್ತಸಲಹೆಗೆ ಬಂದಾಗ ಮೊದಲ ಭೇಟಿಯಲ್ಲಿ ತಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಗುವಿನ ಊಟ, ನಿದ್ರೆ, ಫಿಟ್ಸ್ ಮಾತ್ರೆ, ಫಿಸಿಯೊಥೆರಪಿಗಳ ವರದಿ ಒಪ್ಪಿಸಿ, ಉಳಿದದ್ದೆಲ್ಲ ಸರಿಯಾಗಿದೆ ಎಂದು ಎದ್ದು ನಿಲ್ಲುತ್ತಾರೆ. ಹೀಗೆ ಬರುವವರಲ್ಲಿ ತಾಯಂದಿರೇ ಹೆಚ್ಚು, ತಂದೆಯರು ಅಪರೂಪ. ಆ ಅಪರೂಪದ ತಂದೆಯರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ತಮ್ಮ ಕಥೆಗೆ ಬದಲಾಗಿ ಒಂದು ತಮಿಳು ಚಿತ್ರದ ಕಥೆ ಹೇಳತೊಡಗಿದ್ದಾರೆ. ಅವರಲ್ಲೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವರು ಆಡಿದ ಮಾತು ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ ನನ್ನ ಮುಂದೆ ಬರುತ್ತಿರುವುದು ಒಂದು ಕಾರಣವಾದರೆ, ನಾನು ಕೊಟ್ಟ ಸಲಹೆಗೆ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂದದ್ದು ಇನ್ನೊಂದು.

ಚಿತ್ರ ‘ಪೇರನ್ಬು’. ರಾಮ್ ನಿರ್ದೇಶನದ ಈ ಚಿತ್ರ 2018ರ ಜನವರಿಯಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡು, 2019ರ ಫೆಬ್ರವರಿಯಲ್ಲಿ ಚಿತ್ರಮಂದಿರಗಳಿಗೆ ಬಂತು. ದುಬೈಯಲ್ಲಿ ಹಲವು ವರ್ಷ ದುಡಿದು ಮರಳುವ ಅಮುದವನ್ ಎಂಬ ತಂದೆಯಾಗಿ ಮಮ್ಮುಟ್ಟಿಯವರೂ, ಸೆರೆಬ್ರಲ್ ಪಾಲ್ಸಿ ಇರುವ ಮಗಳಾಗಿ ಸಾಧನಾ ಅವರೂ ನಟಿಸಿದ್ದಾರೆ. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಮಗಳಿಗೆ ತಂದೆ ಅಪರಿಚಿತ, ಬಂಧುಗಳಿಗೆ ಮಗಳು ಹೊರೆ. ಅಮುದವನ್ ಅವಳನ್ನು ಕರೆದುಕೊಂಡು ಜನವಸತಿಯಿಂದ ದೂರ, ಬೆಟ್ಟದ ಸರೋವರದ ದಡದಲ್ಲಿರುವ ಒಂಟಿ ಮನೆಗೆ ಹೋಗುತ್ತಾನೆ. ಅವಳನ್ನು ನಗಿಸಲೆಂದು ಅವನು ಹಾಡಿ, ಕುಣಿದು, ಸೋಲುವ ದೃಶ್ಯವನ್ನು ಕಂಡವರು ಮರೆಯುವುದು ಕಷ್ಟ. ಮಗಳು ದೊಡ್ಡವಳಾದಾಗ ಮುಟ್ಟಿನ ಆರೈಕೆಯಲ್ಲಿ ತಂದೆ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ನಮ್ಮ ಭಾಷೆಗಳ ಚಿತ್ರಗಳು ಇಷ್ಟು ನೇರವಾಗಿ ಎತ್ತಿದ್ದು ಕಡಿಮೆ. ಇಷ್ಟಕ್ಕೆ ನಾನು ಆ ಚಿತ್ರಕ್ಕೆ ಋಣಿ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಇದೇ ಆರೈಕೆಯನ್ನು ತಾಯಿ ಇಪ್ಪತ್ತು ವರ್ಷ ಮಾಡಿದರೂ ಅವಳ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ.

ನನ್ನ ಬಳಿ ಬಂದವರು ಕರಾವಳಿಯವರು, ಕೊಲ್ಲಿ ರಾಷ್ಟ್ರವೊಂದರಲ್ಲಿ ಚಾಲಕರಾಗಿದ್ದವರು. ಹೆಂಡತಿ ವರ್ಷಗಟ್ಟಲೆ ಮಗಳನ್ನು ಒಬ್ಬರೇ ನೋಡಿಕೊಂಡು, ಕೊನೆಗೆ ಕೈಲಾಗದೆ ತವರಿಗೆ ಹೋಗಿ, ಮರಳಲು ಒಪ್ಪದೇ ಇದ್ದಾಗ ಇವರು ಕೆಲಸ ಬಿಟ್ಟು ಊರಿಗೆ ಬಂದರು. ಆಗ ಮಗಳಿಗೆ ಹದಿನೈದು. ನಡೆಯಲು ಆಧಾರ ಬೇಕು, ಮಾತು ಹೊರಗಿನವರಿಗೆ ಅರ್ಥವಾಗುವುದಿಲ್ಲ, ಆದರೆ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಸೆರೆಬ್ರಲ್ ಪಾಲ್ಸಿ ಮುಖ್ಯವಾಗಿ ಚಲನೆ ಮತ್ತು ಸ್ನಾಯುಗಳ ಬಿಗಿತಕ್ಕೆ ಸಂಬಂಧಿಸಿದ್ದು. ಬುದ್ಧಿ ಎಷ್ಟೋ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ ಎಂಬುದನ್ನು ಮನೆಯವರೇ ಮರೆಯುತ್ತಾರೆ. ಇವರು ಬಂದದ್ದು ತಮಗೆ ನಿದ್ರೆ ಬರುವುದಿಲ್ಲ ಎಂಬ ದೂರಿನೊಂದಿಗೆ. ಮೊದಲ ಕೆಲವು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ಆ ದಿನ ಅವರು ಕುಳಿತವರೇ, ‘ಮೇಡಂ, ನೀವು ಪೇರನ್ಬು ನೋಡಿದ್ದೀರಾ?’ ಎಂದು ಕೇಳಿದರು. ನೋಡಿದ್ದೇನೆ ಎಂದೆ. ಚಿತ್ರದ ಯಾವ ಭಾಗ ನೆನಪಿದೆ ಎಂದು ಕೇಳಿದಾಗ ಅವರು ಒಂಟಿ ಮನೆಯ ಬಗ್ಗೆ, ಮನೆಗೆಲಸಕ್ಕೆ ಬಂದು ನಂಬಿಕೆ ಮುರಿಯುವ ವಿಜಯಲಕ್ಷ್ಮಿಯ ಬಗ್ಗೆ ಮಾತನಾಡಿದರು. ‘ನೋಡಿದಿರಲ್ಲ, ಹೊರಗಿನವರನ್ನು ಸೇರಿಸಿದರೆ ಹಾಗೇ ಆಗುವುದು’ ಎಂದರು. ನಂತರ ಚಿತ್ರದ ಕೊನೆಗೆ ಬಂದರು. ಅಲ್ಲಿ ತಂದೆ ಮಗಳೊಂದಿಗೆ ಸಮುದ್ರಕ್ಕೆ ಇಳಿಯುತ್ತಾನೆ. ಮೀರಾ ಎಂಬ ಟ್ರಾನ್ಸ್ ಮಹಿಳೆ ಅವರನ್ನು ಉಳಿಸುತ್ತಾಳೆ, ಆಮೇಲೆ ಮೂವರೂ ಒಟ್ಟಿಗೆ ಬದುಕುತ್ತಾರೆ. ಅದನ್ನು ಹೇಳಿ ಮುಗಿಸಿದ ಅವರು ಮೇಜಿನ ಅಂಚನ್ನು ನೋಡುತ್ತ, ‘ಅಲ್ಲಿ ಒಬ್ಬರು ಬಂದರು ಮೇಡಂ. ನಮಗೆ ಯಾರು ಬರುತ್ತಾರೆ?’ ಎಂದರು.

ಇಂಥ ಮಾತನ್ನು ಚಿತ್ರದ ಚರ್ಚೆ ಎಂದು ಭಾವಿಸಿ ಮುಂದೆ ಹೋಗುವುದು ಸುಲಭ. ಸಮಾಧಾನ ಹೇಳುವುದು ಇನ್ನೂ ಸುಲಭ. ನಾನು ನೇರವಾಗಿ ಕೇಳಿದೆ: ‘ನೀವೂ ಮಗಳೂ ಸಾಯಬೇಕು ಎಂದು ಯೋಚಿಸಿದ್ದೀರಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಜನರಲ್ಲಿದೆ, ಕೆಲವು ಸಲಹೆಗಾರರಲ್ಲೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಕೇಳದೆ ಬಿಟ್ಟರೆ ಆ ಮನುಷ್ಯ ಅದೇ ಯೋಚನೆಯೊಂದಿಗೆ ಬಸ್ಸು ಹತ್ತಿ ಮನೆಗೆ ಹೋಗುತ್ತಾನೆ, ಅಷ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹೌದು ಎಂದರು. ಯಾವಾಗ, ಎಷ್ಟು ಸಲ, ಏನಾದರೂ ಸಿದ್ಧತೆ ಮಾಡಿಕೊಂಡಿದ್ದರೇ ಎಂದೆಲ್ಲ ಒಂದೊಂದಾಗಿ ಕೇಳಿದೆ, ಉತ್ತರಿಸಿದರು. ‘ಮಗಳನ್ನು ಯಾಕೆ?’ ಎಂದಾಗ ಮಾತ್ರ ನನ್ನ ಪ್ರಶ್ನೆಯೇ ವಿಚಿತ್ರವೆಂಬಂತೆ ನೋಡಿ, ‘ನಾನಿಲ್ಲದೆ ಅವಳು ಹೇಗೆ ಮೇಡಂ?’ ಎಂದರು.

ಅವರ ಕೈಯಲ್ಲಿ ಸದಾ ಒಂದು ಉದ್ದನೆಯ ಲೆಕ್ಕದ ಪುಸ್ತಕವಿರುತ್ತಿತ್ತು. ಟ್ಯಾಕ್ಸಿ ಓಡಿಸುವಾಗ ಟ್ರಿಪ್ಪುಗಳನ್ನು ಬರೆದಿಡುವ ರೂಢಿಯನ್ನು ಅವರು ಮಗಳ ಆರೈಕೆಗೆ ತಂದಿದ್ದರು. ಕೇಳಿದಾಗ ತೋರಿಸಿದರು. ಪ್ರತಿ ಪುಟದಲ್ಲೂ ಸ್ಕೇಲು ಹಿಡಿದು ಗೆರೆ ಹಾಕಿದ ಅಂಕಣಗಳು: ಎದ್ದ ಹೊತ್ತು, ಗಂಜಿ ಎಷ್ಟು ಲೋಟ, ಮಾತ್ರೆ, ಶೌಚ, ವ್ಯಾಯಾಮ, ಫಿಟ್ಸ್ ಬಂದರೆ ಎಷ್ಟು ನಿಮಿಷ. ತಿಂಗಳಲ್ಲಿ ನಾಲ್ಕೈದು ದಿನ ಕೆಂಪು ಶಾಯಿಯಲ್ಲಿ ಪ್ಯಾಡ್ ಬದಲಿಸಿದ ಸಮಯ. ಕೆಂಪು ಸಾಲುಗಳ ಪಕ್ಕದಲ್ಲಿ ಸಣ್ಣಕ್ಷರಗಳಲ್ಲಿ ‘ಹೊಡೆದಳು’, ‘ಬಾಗಿಲು ದೂಡಿದಳು’, ‘ಊಟ ಬೇಡವೆಂದಳು’. ನಾನು ಪುಟ ಹಿಂದೆ ಮುಂದೆ ತಿರುವಿದೆ. ಎಲ್ಲವೂ ಒಂದೇ ಕೈಬರಹ. ಒಂದು ಹೊತ್ತಿನ ಗಂಜಿಯನ್ನೂ ಬೇರೆಯವರು ಕುಡಿಸಿದ ದಾಖಲೆ ಅದರಲ್ಲಿರಲಿಲ್ಲ. ಅದೇ ಊರಿನಲ್ಲಿ ಅವರ ಸ್ವಂತ ಅಕ್ಕ ಇದ್ದರು. ಬೇಲಿಯಾಚೆ ಬೀಡಿ ಕಟ್ಟುವ ಹೆಂಗಸೊಬ್ಬರು ಆ ಹುಡುಗಿಯನ್ನು ತೊಟ್ಟಿಲಿನಿಂದ ಬಲ್ಲವರು. ಇಬ್ಬರೂ ಸಹಾಯಕ್ಕೆ ಬಂದಾಗ ಇವರೇ ‘ಬೇಡ, ನಾನು ನೋಡಿಕೊಳ್ಳುತ್ತೇನೆ’ ಎಂದು ಕಳುಹಿಸಿದ್ದರು.

‘ಈ ಪುಸ್ತಕದಲ್ಲಿ ಇನ್ನೊಬ್ಬರು ಬರೆಯಲು ಶುರುಮಾಡದೆ ನಿಮಗೆ ನಿದ್ರೆ ಬರುವುದಿಲ್ಲ’ ಎಂದೆ. ಅವರಿಗೆ ಸಿಟ್ಟು ಬಂತು. ಬಿಟ್ಟು ಹೋದದ್ದು ತಾನಲ್ಲ, ಉಳಿದದ್ದು ತಾನು, ಈಗ ಪಾಠವೂ ತನಗೇ ಎಂದರು. ಸಿಟ್ಟು ನ್ಯಾಯವಾದದ್ದೇ. ಆದರೆ ಬಿಟ್ಟು ಹೋದ ಹೆಂಡತಿ ಅಷ್ಟು ವರ್ಷ ಇದೇ ಪುಸ್ತಕವನ್ನು ಬರೆಯದೆಯೇ ಬದುಕಿದ್ದರು ಎಂಬುದನ್ನೂ, ಅವರು ಕುಸಿದದ್ದು ಪ್ರೀತಿ ಸಾಲದೆ ಅಲ್ಲ, ಕೈಗಳು ಸಾಲದೆ ಎಂಬುದನ್ನೂ ಹೇಳಬೇಕಾಯಿತು. ಇವರೂ ಅದೇ ದಾರಿಯಲ್ಲಿದ್ದರು.

ಅಂದು ಅವರನ್ನು ಒಬ್ಬರೇ ಮನೆಗೆ ಕಳುಹಿಸಲಿಲ್ಲ. ಅವರ ಒಪ್ಪಿಗೆ ಪಡೆದು ಅಕ್ಕನಿಗೆ ಫೋನ್ ಮಾಡಿ ಕರೆಸಿದೆ, ಮನೆಯಲ್ಲಿದ್ದ ಮಾತ್ರೆಗಳ ದಾಸ್ತಾನನ್ನು ಅಕ್ಕನ ಸುಪರ್ದಿಗೆ ಕೊಡಿಸಿದೆ, ಮರುದಿನವೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿದೆ. ರಾತ್ರಿ ಹೊತ್ತಿನಲ್ಲಿ ಯೋಚನೆ ಮರಳಿ ಬಂದರೆ ಕರೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ನನ್ನ ಎದುರೇ ಸೇರಿಸಿಕೊಳ್ಳಲು ಹೇಳಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕೆಲವು ವಾರಗಳ ಚಿಕಿತ್ಸೆಯಿಂದ ಅವರ ನಿದ್ರೆ ಸ್ವಲ್ಪ ಹದಕ್ಕೆ ಬಂದ ಮೇಲೆಯೇ ಉಳಿದ ಸಲಹೆಗೆ ಕೈಹಾಕಿದ್ದು. ಬಾವಿಯಲ್ಲಿ ಮುಳುಗುತ್ತಿರುವವರಿಗೆ ಈಜು ಕಲಿಸುವುದಿಲ್ಲವಷ್ಟೆ.

ಮೊದಲನೆಯದು ಮುಟ್ಟಿನ ಆರೈಕೆ. ಆ ನಾಲ್ಕೈದು ದಿನ ಅವಳು ಹೊಡೆಯುವುದು ರೋಗಲಕ್ಷಣವಲ್ಲ, ಮಾತು ಬಾರದವಳು ಬೇಡವೆನ್ನುವ ರೀತಿ ಎಂದು ತಂದೆಗೆ ಹೇಳಿದೆ. ಆದರೂ ಅದು ನನ್ನ ಊಹೆ, ಅವಳನ್ನೇ ಕೇಳಬೇಕು. ಚಿತ್ರಗಳಿರುವ ಹಲಗೆಯೊಂದನ್ನು ಮಾಡಿ, ಅಪ್ಪ, ಅತ್ತೆ, ಪಕ್ಕದ ಮನೆಯವರು, ಈ ಮೂವರ ಫೋಟೊಗಳನ್ನು ಅಂಟಿಸಿ ಕೇಳಿದಾಗ ಅವಳು ಎರಡು ಬಾರಿಯೂ ಪಕ್ಕದ ಮನೆಯವರ ಮೇಲೆ ಕೈಯಿಟ್ಟಳು. ತಂದೆ ಅಕ್ಕನನ್ನು ನಿರೀಕ್ಷಿಸಿದ್ದರು, ನಾನೂ ಅಷ್ಟೆ. ಈಗ ಆ ದಿನಗಳಲ್ಲಿ ಬೀಡಿಯ ಮೊರ ಬದಿಗಿಟ್ಟು ಅವರೇ ಬರುತ್ತಾರೆ. ಆ ಹೊತ್ತಿಗೆ ಅವರ ಬೀಡಿಯ ಕೂಲಿ ತಪ್ಪುವುದರಿಂದ ತಂದೆ ಹಣ ಕೊಡಬೇಕೆಂದು ನಾನು ಹಟ ಹಿಡಿದೆ. ಉಪಕಾರವಾಗಿ ಶುರುವಾದ ಸಹಾಯ ಬೇಗ ನಿಲ್ಲುತ್ತದೆ.

ಎರಡನೆಯದು ಬಂಧುವೊಬ್ಬರು ಕೊಟ್ಟಿದ್ದ ಸಲಹೆ: ‘ಗರ್ಭಕೋಶ ತೆಗೆಸಿಬಿಡಿ, ತಾಪತ್ರಯವೇ ಇರುವುದಿಲ್ಲ.’ ಈ ಮಾತನ್ನು ಕೇಳದ ಪೋಷಕರನ್ನು ನಾನು ಕಂಡಿಲ್ಲ. 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ಅಸಾಮರ್ಥ್ಯದ ಹೆಣ್ಣುಮಕ್ಕಳಿಗೆ ಇದೇ ತರ್ಕದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದ್ದು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಗಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 10ನೇ ಕಲಂ, ವ್ಯಕ್ತಿಯ ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಬಂಜೆತನಕ್ಕೆ ಕಾರಣವಾಗುವ ಯಾವ ವೈದ್ಯಕೀಯ ಕ್ರಮವನ್ನೂ ಮಾಡಬಾರದು ಎನ್ನುತ್ತದೆ. ಕಾನೂನಿಗಿಂತ ಹೆಚ್ಚಾಗಿ ನಾನು ಹೇಳಿದ್ದು ಇನ್ನೊಂದು ಸಂಗತಿ: ಮುಟ್ಟು ನಿಂತರೆ ಲೈಂಗಿಕ ದೌರ್ಜನ್ಯದ ಅಪಾಯ ನಿಲ್ಲುವುದಿಲ್ಲ, ಅದು ಬೆಳಕಿಗೆ ಬರುವ ಒಂದು ದಾರಿ ಮಾತ್ರ ಮುಚ್ಚುತ್ತದೆ.

ಆಕ್ಷೇಪ ಬಂದದ್ದು ಮೂರನೆಯದಕ್ಕೆ. ಅವರು ಊರಿನಲ್ಲಿದ್ದ ಕಾಲದಲ್ಲಿ ಯಕ್ಷಗಾನದ ಹುಚ್ಚು ಹಿಡಿಸಿಕೊಂಡವರು. ಮರಳಿದ ಮೇಲೆ ಒಂದೂ ಆಟ ನೋಡಿರಲಿಲ್ಲ. ಮೇಳಗಳ ತಿರುಗಾಟದ ತಿಂಗಳುಗಳಲ್ಲಿ, ತಿಂಗಳಿಗೊಂದು ಬಾರಿಯಾದರೂ ಮಗಳನ್ನು ಅಕ್ಕನ ಬಳಿ ಬಿಟ್ಟು ಬಯಲಾಟಕ್ಕೆ ಹೋಗಬೇಕು, ಇಡೀ ರಾತ್ರಿ ಕಷ್ಟವಾದರೆ ಕಾಲಮಿತಿಯ ಆಟಕ್ಕಾದರೂ ಹೋಗಬೇಕು ಎಂದೆ. ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಸಾವಿನ ಅಂಚಿನಲ್ಲಿದ್ದವರಿಗೆ ಆಟ ನೋಡಲು ಹೇಳುವುದು ಹಗುರವಾಗಲಿಲ್ಲವೇ ಎಂದರು. ನನಗೆ ಹಾಗೆನಿಸುವುದಿಲ್ಲ. ಮಗಳ ಹೊರತು ಬೇರೇನೂ ಇಲ್ಲದ ತಂದೆಗೆ ಮಗಳ ಸಾವೂ ತನ್ನ ಸಾವೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ‘ನಾನಿಲ್ಲದೆ ಅವಳು ಹೇಗೆ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಅವರಿಲ್ಲದೆ ನಾಲ್ಕು ಗಂಟೆ ಅವಳು ಚೆನ್ನಾಗಿದ್ದಳು ಎಂಬುದನ್ನು ನಾನು ಬಾಯಿಮಾತಿನಲ್ಲಿ ಹೇಳಿದರೆ ಅವರು ನಂಬುವುದಿಲ್ಲ. ಮನೆಗೆ ಬಂದು ಪುಸ್ತಕದಲ್ಲಿ ಅಕ್ಕ ಬರೆದದ್ದನ್ನು ಓದಿದರೆ ನಂಬುತ್ತಾರೆ.

ಚಿತ್ರದ ಬಗ್ಗೆ ನನಗಿರುವ ಅಸಮಾಧಾನವೂ ಇಲ್ಲಿಯದೇ. ಮೀರಾ ಬರುವುದು ಕಥೆಗೆ ಬೇಕಾದ ಗಳಿಗೆಯಲ್ಲಿ. ಆ ಕೊನೆ ಸುಂದರವಾಗಿದೆ, ಸಮಾಜ ಹೊರಗಿಟ್ಟವರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುವುದನ್ನು ತೋರಿಸುವ ಧೈರ್ಯ ಅದಕ್ಕಿದೆ. ಆದರೆ ಒಂಟಿ ಮನೆಯನ್ನೂ, ಯಾರನ್ನೂ ಸೇರಿಸದ ಆರೈಕೆಯನ್ನೂ ಅಷ್ಟು ಚೆಲುವಾಗಿ ಚಿತ್ರಿಸಿದಾಗ, ಅದೇ ಸ್ಥಿತಿಯಲ್ಲಿರುವ ನೋಡುಗರು ಒಂಟಿತನವನ್ನೇ ಪ್ರೀತಿಯ ಅಳತೆಯೆಂದು ತಿಳಿಯುವ ಅಪಾಯವಿದೆ. ನನ್ನ ಬಳಿ ಬಂದ ತಂದೆಯರು ಹಾಗೆಯೇ ತಿಳಿದಿದ್ದರು.

ಇಂಥ ಮನೆಗಳವರಿಗೆ ಒಂದಿಷ್ಟು ಕಾಗದಪತ್ರದ ಕೆಲಸವೂ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅನ್ವಯಿಸುತ್ತದೆ. ಅದರಡಿ ನಿರಾಮಯ ಎಂಬ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಮಾಸಾಶನಗಳ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಮಗುವಿಗೆ 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಅಗತ್ಯವಿದ್ದರೆ ಜಿಲ್ಲಾಧಿಕಾರಿಯವರಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.

ಈ ತಂದೆಯ ಮಗಳಿಗೆ ಈಗ ಹದಿನೇಳು. ಅವರು ಆಟಕ್ಕೆ ಹೋಗುತ್ತಾರೆ, ಒಮ್ಮೊಮ್ಮೆ ಅರ್ಧಕ್ಕೆ ಎದ್ದು ಬರುತ್ತಾರೆ. ಮಾತ್ರೆ ಇನ್ನೂ ನಡೆದಿದೆ. ಮಗಳು ರಾತ್ರಿ ಅಕ್ಕನ ಮನೆಯಲ್ಲಿ ಮಲಗುವುದಕ್ಕೆ ಅವರು ಇಂದಿಗೂ ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ. ಮುಂದಿನ ವರ್ಷದ ಅರ್ಜಿಯ ಮಾತು ಬಂದಾಗ, ತಮ್ಮ ನಂತರ ಯಾರು ಎಂಬ ಪ್ರಶ್ನೆಗೆ ಅಕ್ಕನ ಮಗಳು ತಾನು ಸಿದ್ಧ ಎಂದಿದ್ದಾಳೆ. ಅವರು ಉತ್ತರ ಕೊಟ್ಟಿಲ್ಲ. ಮುಂದಿನ ಭೇಟಿಗೆ ಅವಳನ್ನೂ ಮಗಳನ್ನೂ ಕರೆತರಬೇಕು, ಚಿತ್ರದ ಹಲಗೆಯನ್ನು ಮರೆಯದೆ ತರಬೇಕು ಎಂದು ಹೇಳಿ ಕಳುಹಿಸಿದ್ದೇನೆ.